ಹೊಗೆ ಒಂದು ಕಡೆ, ಬಟ್ಟೆ ಒಂದು ಕಡೆ

ಐದನೆಯ ಪಟ್ಟಿಯಲ್ಲೂ ಸಮುದ್ರ ಹಸಿರಾಗಿಯೇ ಬಂದಿತ್ತು.

ಓಡಿಲ್ ಬಣ್ಣ ಪರೀಕ್ಷಿಸಲು ಅಚ್ಚು ಹಾಕಿದ್ದ ಆ ಸಣ್ಣ ಕಾಗದದ ಪಟ್ಟಿಯನ್ನು ಮೂಲ ಚಿತ್ರದ ಪಕ್ಕಕ್ಕೆ ಹಿಡಿದು, ದೀಪದ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದಳು. ಇನ್ನೊಂದು ಚೂರು ನೀಲಿ ಬೇಕು. ಆರು ವರ್ಷಗಳಿಂದ ಇದೇ ಕೆಲಸ. ಬೇರೆಯವರ ಚಿತ್ರಗಳಿಗೆ ಅವರದೇ ಬಣ್ಣ ಹೊಂದಿಸುವುದು, ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಮೂಡಿದ ಧೂಳಿನ ಚುಕ್ಕೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಾಗಿ ಅಳಿಸುವುದು, ಅಚ್ಚಿಗೆ ಕಳಿಸುವುದು. ನಲವತ್ತೇಳರ ಕಣ್ಣು ಮಧ್ಯಾಹ್ನದ ಹೊತ್ತಿಗೇ ಉರಿಯುತ್ತಿತ್ತು.

ಆಗಲೇ ಅವನು ಒಳಗೆ ಬಂದದ್ದು. ಎತ್ತರದ ಮನುಷ್ಯ, ಕೋಟಿನ ತೋಳಿಗೆ ಮರದ ಪುಡಿ. ಹಳೆಯ ಕೌದಿಯಲ್ಲಿ ಸುತ್ತಿದ್ದ ಏನನ್ನೋ ಎದೆಗೆ ಅವುಚಿಕೊಂಡಿದ್ದ.

"ನಮ್ಮಮ್ಮನ ಅಡುಗೆಮನೇದು. ಸ್ವಲ್ಪ ಜಿಡ್ಡಿದೆ, ಬೇಜಾರು ಮಾಡ್ಕೋಬೇಡಿ," ಎಂದ.

ಓಡಿಲ್ ಕೌದಿಯ ಮಡಿಕೆ ಬಿಡಿಸಿದಳು.

ಬಿಳಿ ಮನೆ. ಹಗ್ಗದ ಮೇಲೆ ಹಾರುವ ಬಟ್ಟೆಗಳು. ಚಿಮಣಿಯ ಹೊಗೆ. ಕೆಳಗಿನ ಮೂಲೆಯಲ್ಲಿ ಓ. ಮೆಲಾನ್ಸನ್ ಎಂಬ ಸಹಿ.

ಅವಳದೇ ಕೈ. ಅವಳದೇ ಹಳೆಯ ಹೆಸರು.

"ಏನಾಯ್ತು?" ಎಂದ ಅವನು.

"ಏನಿಲ್ಲ... ಚೌಕಟ್ಟು ಸಡಿಲ ಆಗಿದೆ."

ಹೆಬ್ಬೆರಳನ್ನು ಸಹಿಯ ಮೇಲಿಟ್ಟು ಮುಚ್ಚಿದಳು.

ಅಂಗಡಿಯ ಒಡತಿ ಥೆಲ್ಮಾ ಟೀ ಲೋಟ ಹಿಡಿದು ಬಂದಳು. ಗಿರಾಕಿಯ ಹೆಸರು ಗಾರ್ನೆಟ್ ಜ್ವಿಕರ್, ಲೂನೆನ್‌ಬರ್ಗಿನ ದಡದಲ್ಲಿ ಮರದ ದೋಣಿಗಳನ್ನು ರಿಪೇರಿ ಮಾಡುತ್ತಾನೆ, ಈ ಚಿತ್ರದ ಪ್ರಿಂಟ್ ಬೇಕಂತೆ ಎಂಬುದೆಲ್ಲ ಅವಳ ಬಾಯಿಂದಲೇ ತಿಳಿಯಿತು. ಚಿತ್ರ ಬರೆದವರ ಪರವಾನಗಿ ಎಲ್ಲಿ ಎಂದು ಥೆಲ್ಮಾ ಕೇಳಿದಾಗ ಅವನು ಪೆಚ್ಚಾದ.

"ನಮ್ಮಮ್ಮ ದುಡ್ಡು ಕೊಟ್ಟು ಕೊಂಡಿದ್ದಾಳಲ್ಲ?"

"ಗೋಡೆಗೆ ಹಾಕೋಕೆ ಕೊಂಡಿದ್ದಾಳೆ ಕಣಪ್ಪಾ. ನಕಲು ಮಾಡೋ ಹಕ್ಕು ಬರೆದವರ ಹತ್ರಾನೇ ಇರುತ್ತೆ. ಅವರು ಸಹಿ ಹಾಕದೆ ಇಲ್ಲಿಂದ ಒಂದು ಹಾಳೇನೂ ಆಚೆ ಹೋಗಲ್ಲ."

ಹುಡುಕುತ್ತೇನೆ ಎಂದ ಗಾರ್ನೆಟ್. ಅಷ್ಟರಲ್ಲಿ ಒಂದು ಮಾದರಿ ಪ್ರಿಂಟ್ ತೆಗೆದಿಟ್ಟಿರಿ, ಸಿಕ್ಕಿದ ಮೇಲೆ ಅವರಿಗೆ ತೋರಿಸೋಣ ಎಂದು ಬೇಡಿಕೊಂಡ. ಓಡಿಲ್ ತಲೆ ತಗ್ಗಿಸಿ ನಿಂತಿದ್ದಳು. ಥೆಲ್ಮಾಗೆ ಅವಳು ಬರೀ ಓಡಿಲ್ ಕೊಮೋ. ಹಿಂದೊಮ್ಮೆ ಅವಳೂ ಚಿತ್ರ ಬರೆಯುತ್ತಿದ್ದಳೆಂದು ಈ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಥೆಲ್ಮಾ ಆರ್ಡರ್ ಚೀಟಿಯಲ್ಲಿ ಮುನ್ನೂರು ಪ್ರತಿ ಎಂದು ಗೀಚಿದಳು. ಬೇಸಿಗೆಗೆ ಬರುವ ಪ್ರವಾಸಿಗರು ಬಟ್ಟೆ ಹಾರುವ ಚಿತ್ರ ಕಂಡರೆ ಬಿಡುವುದಿಲ್ಲವಂತೆ.

ಮುನ್ನೂರು...

ಅಂದರೆ ಇವನೂ ಅಷ್ಟೇ. ರೆಯಾಲ್‌ನಂತೆಯೇ.

ರೆಯಾಲ್ ಮೆಲಾನ್ಸನ್ ಅವಳ ಗಂಡನಾಗಿದ್ದ; ಅವನನ್ನು ಬಿಟ್ಟ ಮೇಲೆ ಅವಳು ತವರಿನ ಕೊಮೋ ಹೆಸರಿಗೆ ಮರಳಿದ್ದಳು. ಸಹಿ ಹಾಕು, ಉಳಿದದ್ದು ನಾನು ತುಂಬ್ತೀನಿ ಎಂದಿದ್ದ. ಎಷ್ಟು ಪ್ರತಿ, ಯಾವ ವಸ್ತುವಿನ ಮೇಲೆ ಎಂಬ ಜಾಗಗಳು ಖಾಲಿ ಇದ್ದ ಹಾಳೆಗೆ ಅವಳು ಸಹಿ ಹಾಕಿದ್ದಳು. ಇಪ್ಪತ್ತಾರು ಚಿತ್ರಗಳು ಕ್ಯಾಲೆಂಡರ್ ಆದವು, ಕಪ್ ಆದವು, ಟವೆಲ್ ಆದವು. ಒಮ್ಮೆ ಯಾವುದೋ ಮೋಟೆಲಿನ ಬಚ್ಚಲುಮನೆಯಲ್ಲಿ ತಾನು ಬರೆದ ಅಜ್ಜಿಯ ಮನೆಯ ಚಿತ್ರವಿದ್ದ ಕಾಲೊರೆಸಿನ ಮೇಲೆ ಅವಳೇ ಒದ್ದೆ ಕಾಲು ಒರೆಸಿದ್ದಳು. ಕೆಳಗೆ ನೋಡಿದ್ದು ಆಮೇಲೆ.

ಅಂದಿನಿಂದ ಬ್ರಷ್ ಮುಟ್ಟಿರಲಿಲ್ಲ. ಆ ಹಾಳೆಗೆ ಸಹಿ ಬೀಳುವ ಮುಂಚೆಯೇ ಮಾರಾಟವಾಗಿ ಕಣ್ಮರೆಯಾದದ್ದು ಒಂದೇ ಚಿತ್ರ. ಈ ಬಿಳಿ ಮನೆ. ಅದೊಂದಾದರೂ ತಪ್ಪಿಸಿಕೊಂಡಿತಲ್ಲ ಎಂದು ಎಷ್ಟು ಸಲ ಸಮಾಧಾನ ಪಟ್ಟುಕೊಂಡಿದ್ದಳು.

ಗಾರ್ನೆಟ್ ಪ್ರತಿ ಗುರುವಾರ ಬಂದ. ಚಿತ್ರ ಮಾರಿದ ಗ್ಯಾಲರಿ ಮುಚ್ಚಿದೆಯಂತೆ. ಹ್ಯಾಲಿಫ್ಯಾಕ್ಸಿನ ಗ್ಯಾಲರಿಗಳಿಗೆ ಪತ್ರ ಬರೆದನಂತೆ. ಮೆಲಾನ್ಸನ್ ಹೆಸರಿನ ಹದಿನೇಳು ಜನಕ್ಕೆ ಫೋನ್ ಮಾಡಿದನಂತೆ, ಅವರಲ್ಲೊಬ್ಬ ಅಜ್ಜ ಚಿತ್ರ ಬರೆಯದಿದ್ದರೂ ಮುಕ್ಕಾಲು ಗಂಟೆ ಮಾತಾಡಿದನಂತೆ. ಇದನ್ನೆಲ್ಲ ಹೇಳುತ್ತ, ತಂದಿದ್ದ ಓಟ್ಸ್ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವಳು ಬಣ್ಣ ಹೊಂದಿಸುವುದನ್ನು ಸುಮ್ಮನೆ ನೋಡುತ್ತಿದ್ದ.

ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಬುಧವಾರ ತಲೆ ತೊಳೆದುಕೊಳ್ಳತೊಡಗಿದ್ದಳು. ಅದು ಗಮನಕ್ಕೆ ಬಂದ ದಿನ ತನ್ನ ಮೇಲೇ ರೇಗಿದಳು. ಮುನ್ನೂರು ಪ್ರತಿಯ ವ್ಯಾಪಾರಿಗಾಗಿಯೇ ಇದು?

ಐದನೆಯ ಗುರುವಾರ ಮಾದರಿ ಸಿದ್ಧವಾಯಿತು. ಥೆಲ್ಮಾ ಊಟಕ್ಕೆ ಹೋಗಿದ್ದಳು. ಗಾರ್ನೆಟ್ ಮೂಲವನ್ನೂ ಮಾದರಿಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

"ಹೊಗೆ ತಿರುಗಿಬಿಟ್ಟಿದೆಯಲ್ಲ," ಎಂದ.

"ಏನು?"

"ಅಮ್ಮನ ಚಿತ್ರದಲ್ಲಿ ಬಟ್ಟೆ ಎಡಕ್ಕೆ ಹಾರುತ್ತೆ, ಹೊಗೆ ಬಲಕ್ಕೆ ಹೋಗುತ್ತೆ. ನೀವು ತೆಗೆದಿದ್ರಲ್ಲಿ ಎರಡೂ ಎಡಕ್ಕೇ."

ಓಡಿಲ್ ಬಗ್ಗಿ ನೋಡಿದಳು. ನಿಜ. ಆರು ವರ್ಷಗಳಲ್ಲಿ ಯಾರ ಚಿತ್ರದಲ್ಲೂ ಧೂಳಿನಾಚೆ ಏನನ್ನೂ ಮುಟ್ಟದ ಕೈ, ಧೂಳು ಅಳಿಸುತ್ತ ಅಳಿಸುತ್ತ ಅವಳಿಗೇ ಗೊತ್ತಾಗದಂತೆ ಹೊಗೆಯನ್ನು ಸರಿಯಾದ ಗಾಳಿಗೆ ತಿರುಗಿಸಿಬಿಟ್ಟಿತ್ತು. ಚಿತ್ರ ಮಾರಿದ ಮರುದಿನವೇ ಹೊಳೆದಿದ್ದ ತಪ್ಪು ಅದು. ಹನ್ನೊಂದು ವರ್ಷ ಒಳಗೇ ಕೊರೆದಿತ್ತು.

"ಧೂಳು ತೆಗೆಯೋವಾಗ ಎಲ್ಲೋ..."

"ಇದು ಧೂಳಲ್ಲ ಓಡಿಲ್." ಅವನ ದನಿ ಮೆತ್ತಗಿತ್ತು. "ಬೇರೆಯವರು ಮಾಡಿದ ದೋಣಿ ನನ್ನ ಹತ್ರ ರಿಪೇರಿಗೆ ಬರುತ್ತೆ. ಹಲಗೆ ಸೊಟ್ಟಗಿದ್ರೂ ನಾನು ಮುಟ್ಟಲ್ಲ, ತೂತು ಮುಚ್ಚಿ ಕಳಿಸ್ತೀನಿ. ನಾನೇ ಮಾಡಿದ್ದರಲ್ಲಿ ಸೊಟ್ಟ ಕಂಡ್ರೆ ಮಾತ್ರ ಕೈ ಸುಮ್ಮನಿರಲ್ಲ."

ಅವಳು ಮಾದರಿಯನ್ನು ಮಗುಚಿಟ್ಟಳು.

"ಮೆಲಾನ್ಸನ್ ನೀವೇ ಅಲ್ವಾ?"

ಸುಳ್ಳು ಹೇಳಲೂ ಆಯಾಸವಾಗಿತ್ತು.

"ಹೌದು. ಆದ್ರೆ ಸಹಿ ಹಾಕಲ್ಲ. ಮುನ್ನೂರು ಮಾಡಿ ಬೀದಿಬೀದೀಲಿ ಮಾರೋಕೆ ಇದನ್ನೂ ಕೊಡಲ್ಲ. ಬೇರೆ ಯಾರದಾದ್ರೂ ಚಿತ್ರ ನೋಡ್ಕೊಳ್ಳಿ."

"ಮುನ್ನೂರಾ?" ಗಾರ್ನೆಟ್ ಬಾಯಿ ತೆರೆದ. "ನನಗೆ ಬೇಕಿರೋದು ಮೂರು."

ಥೆಲ್ಮಾಳ ಚೀಟಿಯನ್ನು ಅವಳು ತೋರಿಸಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಅದು ಥೆಲ್ಮಾಳ ಆಸೆ, ತನ್ನದಲ್ಲ ಎಂದ. ಆಮೇಲೆ ನಿಧಾನವಾಗಿ ಹೇಳಿದ. ಅಮ್ಮ ತೀರಿಕೊಂಡು ವರ್ಷವಾಯಿತು, ಮನೆ ಮಾರಿ ಆಯಿತು. ತಾನೂ ಸೇರಿ ಒಡಹುಟ್ಟಿದವರು ನಾಲ್ವರು. ಟೇಬಲ್, ಪಿಂಗಾಣಿ ಯಾವುದಕ್ಕೂ ಜಗಳವಾಗಲಿಲ್ಲ, ಈ ಚಿತ್ರಕ್ಕೆ ಮಾತ್ರ ಆಯಿತು. ಕೊನೆಗೆ ಮೂಲ ಹಿರಿಯಕ್ಕನಿಗೆ, ಉಳಿದ ಮೂವರಿಗೆ ಒಂದೊಂದು ಪ್ರಿಂಟ್ ಎಂದು ತೀರ್ಮಾನವಾಗಿತ್ತು.

"ಅಮ್ಮ ದಿನಾ ಇದರ ಮುಂದೆ ಕೂತು ನಿಮಗೆ ಬೈತಿದ್ಲು. ಇವಳಿಗೆ ಗಾಳಿ ಗೊತ್ತಿಲ್ಲ, ಆದ್ರೆ ಬಟ್ಟೆ ಒಗೆದು ಗೊತ್ತು ಕಣೋ, ಹಗ್ಗದ ಮೇಲೆ ಭಾರದ್ದನ್ನೆಲ್ಲ ಗೂಟದ ಹತ್ರ ಹಾಕಿದ್ದಾಳೆ ನೋಡು ಅಂತ. ಚಿತ್ರದವಳು ಅಂತಾನೇ ಕರೀತಿದ್ಲು ನಿಮ್ಮನ್ನ."

ಓಡಿಲ್ ಕುರ್ಚಿಯಲ್ಲಿ ಕುಳಿತಳು. ಇಪ್ಪತ್ತಾರು ಚಿತ್ರಗಳು ಎಲ್ಲೆಲ್ಲೋ ಚದುರಿಹೋದ ವರ್ಷಗಳಲ್ಲಿ, ಒಂದು ಅಡುಗೆಮನೆಯಲ್ಲಿ ಒಬ್ಬ ಮುದುಕಿ ದಿನವೂ ತನ್ನೊಂದಿಗೆ ಜಗಳವಾಡುತ್ತಿದ್ದಳು. ತನಗೆ ಗೊತ್ತೇ ಇರಲಿಲ್ಲ... ಕಣ್ಣು ಒರೆಸಿಕೊಂಡಳು. ದೀಪದ ಉರಿಗೆ ಎಂದು ನೆಪ ಹೇಳಬೇಕೆನಿಸಲಿಲ್ಲ.

ಗಾರ್ನೆಟ್ ಕೌದಿಯನ್ನು ಎತ್ತಿಕೊಂಡು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ.

"ನಿಮಗೆ ಇಷ್ಟ ಇಲ್ಲದಿದ್ರೆ ಸಹಿ ಬೇಡ. ಚಿತ್ರ ಅಕ್ಕನ ಮನೆಗೆ ಹೋಗ್ಲಿ, ನಾವು ಅಲ್ಲೇ ಹೋಗಿ ನೋಡ್ತೀವಿ. ಆದ್ರೂ ಮುಂದಿನ ಗುರುವಾರ ನಾನು ಬರಬಹುದಾ?"

"ಯಾತಕ್ಕೆ?"

"ಮೊದಲೆರಡು ಗುರುವಾರ ಪ್ರಿಂಟಿಗೆ ಅಂತ ಬಂದೆ. ಆಮೇಲಿನದಕ್ಕೆಲ್ಲ ನಿಮ್ಮನ್ನ ನೋಡೋದು ಬಿಟ್ಟು ಬೇರೆ ಕಾರಣ ಇರಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಐವತ್ತೆರಡಾಯ್ತು ಓಡಿಲ್. ನೆಪ ಹುಡುಕಿ ಹುಡುಕಿ ಸುಸ್ತಾಗಿದೆ."

"ನನಗೂ ಸುಸ್ತಾಗಿದೆ," ಎಂದಳು. "ಬನ್ನಿ. ನೆಪ ಬೇಡ."

"ಬಿಸ್ಕತ್ತು?"

"ಅದು ಬೇಕು."

ಅವನು ಹೋದ ಮೇಲೆ ಅವಳು ಪರದೆಯ ಮೇಲೆ ಹೊಗೆಯನ್ನು ಮತ್ತೆ ಬಲಕ್ಕೆ, ತಪ್ಪು ಗಾಳಿಗೆ, ಮೊದಲಿದ್ದಂತೆಯೇ ತಿರುಗಿಸಿದಳು. ಪರವಾನಗಿ ಹಾಳೆ ತೆಗೆದು ಯಾವ ಜಾಗವನ್ನೂ ಖಾಲಿ ಬಿಡದೆ ತುಂಬಿದಳು. ಪ್ರತಿಗಳು, ಮೂರು. ಕಾಗದದ ಮೇಲೆ ಮಾತ್ರ. ಕೆಳಗೆ ಮೆಲಾನ್ಸನ್ ಅಲ್ಲ, ಓಡಿಲ್ ಕೊಮೋ ಎಂದು ಸಹಿ ಹಾಕಿದಳು.

ಊಟ ಮುಗಿಸಿ ಬಂದ ಥೆಲ್ಮಾ ಹಾಳೆಯನ್ನು ಎರಡು ಸಲ ಓದಿದಳು.

"ಆರು ವರ್ಷದಿಂದ ಒಂದು ಮಾತು ಹೇಳಿಲ್ವಲ್ಲೇ ನೀನು! ಮುನ್ನೂರೂ ಹೋಯ್ತು. ಇನ್ನೇನೇನು ಮುಚ್ಚಿಟ್ಟಿದ್ದೀಯ?"

"ಇಷ್ಟೇ," ಎಂದಳು ಓಡಿಲ್.

ಕಿಟಕಿಯಾಚೆ ಬಂದರಿನ ಮೇಲೆ ಮಂಜು ಇಳಿಯುತ್ತಿತ್ತು. ಆ ಬೂದು ಬಣ್ಣಕ್ಕೆ ಯಾವ ನೀಲಿ, ಎಷ್ಟು ಬಿಳಿ ಬೇಕೆಂದು ಅವಳು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು. ಶನಿವಾರ ಒಂದು ಕ್ಯಾನ್ವಾಸ್ ಕೊಳ್ಳಬೇಕು. ದೊಡ್ಡದು ಬೇಡ, ಮೊಣಕೈ ಅಳತೆಯದು ಸಾಕು.

ಥೆಲ್ಮಾಗೆ ಹೇಳಲಿಲ್ಲ. ಗುರುವಾರ ಅವನಿಗೂ ಹೇಳುವುದಿಲ್ಲ. ಮುಂದಿನ ಚಿತ್ರವನ್ನು ದೀಪದ ಕೆಳಗೆ ಎಳೆದುಕೊಂಡು ಕೆಲಸಕ್ಕೆ ಕುಳಿತಳು.