ಕಾರ್ಖಾನೆ ಗೇಟಿನಲ್ಲಿ ಎರಡು ಸುಳ್ಳು

ಒಂದು ಮಂಡಿಯ ಆಪರೇಷನ್‌ಗೆ ಒಂದೂವರೆ ಲಕ್ಷ, ಎರಡಕ್ಕೂ ಸೇರಿ ಮೂರು ಲಕ್ಷ ಎಂದು ಆಸ್ಪತ್ರೆಯವರು ಹೇಳಿದ್ದರು. ಎರಡೂ ಒಟ್ಟಿಗೆ ಮಾಡಿಸಿದರೆ ಏನೂ ಕಡಿಮೆ ಮಾಡಲ್ವೇ ಎಂದು ಅಮ್ಮ ಕೇಳಿದ್ದಕ್ಕೆ ಡಾಕ್ಟರು ನಕ್ಕರು, ಆದರೆ ಲೆಕ್ಕ ಇಳಿಯಲಿಲ್ಲ. ಅಮ್ಮ ಬಳೆ ಮಾರಿದಳು. ಮಗಳು ಲಾಂಡ್ರಿಯಲ್ಲಿ ಉಳಿಸಿದ್ದನ್ನೆಲ್ಲ ಸೇರಿಸಿದಳು. ಮೂರು ಲಕ್ಷ ಹೊಂದಿಸುವಷ್ಟರಲ್ಲಿ ಸೋಂಕು ಬಂತು, ಬೀದಿಗಳಿಗೆ ಬೀಗ ಬಿತ್ತು, ತುರ್ತಲ್ಲದ ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋದವು.

ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿದೆಯಲ್ಲ ಎಂದು ಅವಳು ಅಷ್ಟನ್ನೂ ಒಂದು ಸಣ್ಣ ಕಂಪನಿಯ ಷೇರಿಗೆ ಹಾಕಿದಳು. ಅಮ್ಮನಿಗೆ ಹೇಳಲಿಲ್ಲ.

ಬಾಟಲಿಗೆ ಮುಚ್ಚಳ ಬಿಗಿಯುವ ಯಂತ್ರ ಮಾಡುವ ಕಂಪನಿ ಅದು. ಹೊರದೇಶದ ಎರಡು ಆರ್ಡರ್ ಕೈಯಲ್ಲಿದ್ದವು, ಯಂತ್ರಗಳೂ ಸಿದ್ಧವಾಗಿದ್ದವು. ಆದರೆ ಕಂಪನಿಯ ಎಂಜಿನಿಯರು ಅಲ್ಲಿಗೆ ಹೋಗಿ, ಜೋಡಿಸಿ, ಓಡಿಸಿ ತೋರಿಸಿದ ಮೇಲೇ ಹಣ ಎಂದು ಒಪ್ಪಂದ. ವಿಮಾನಗಳು ನಿಂತಿದ್ದವು. ಕಂಪನಿ ಬಾಯಿ ಬಿಡುತ್ತಿರಲಿಲ್ಲ, ಷೇರಿನ ರೇಟು ಇಳಿಯುತ್ತಲೇ ಇತ್ತು.

ಆ ಷೇರು ಕೊಂಡ ಮೂವತ್ತು ಜನ ಸಾಮಾನ್ಯರ ಒಂದು ಫೋನ್ ಗ್ರೂಪ್ ಇತ್ತು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಅಡ್ಡಹೆಸರುಗಳಲ್ಲೇ ಜಗಳ. ಖರೀದಿದಾರರು ಕಾಯುತ್ತಾರೆ, ದುಡುಕಬೇಡಿ ಎಂದು ದಿನವೂ ಬರೆಯುತ್ತಿದ್ದ ಅವಳಿಗೆ 'ತಾಳ್ಮೆ' ಎಂದು ಹೆಸರು ಬಿದ್ದಿತ್ತು. ಆರ್ಡರು ರದ್ದಾಗುತ್ತದೆ, ಮಾರಿ ಹೊರಬನ್ನಿ ಎಂದು ಎಚ್ಚರಿಸುತ್ತಲೇ ಇದ್ದವನನ್ನು 'ಗಂಟೆ' ಎನ್ನುತ್ತಿದ್ದರು. ಅವಳು ಅವನನ್ನು ಅರವತ್ತು ದಾಟಿದ ಗೊಣಗುವ ಮುದುಕ ಎಂದುಕೊಂಡಿದ್ದಳು. ಅವನು ಅವಳನ್ನು 'ತಾಳ್ಮೆ ಸಾರ್' ಎಂದು ಕರೆಯುತ್ತಿದ್ದ. ಅವಳು ತಿದ್ದಲಿಲ್ಲ. ಸಾರ್ ಅನ್ನಿಸಿಕೊಂಡರೆ ಗದರಿಸುವುದು ಸುಲಭ.

ಪ್ರತಿ ಸಲ ಫೋನ್ ಮಿಣುಕಿದಾಗಲೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಅಮ್ಮ ಗಮನಿಸುತ್ತಿದ್ದಳು. ಅದರೊಳಗೆ ಯಾವನಿದ್ದಾನೆ, ಇಷ್ಟು ಹೆದರಿಸೋನು, ಎಂದು ಕೇಳಿದ್ದಳು.

ಕೊನೆಗೆ ತಡೆಯಲಾರದೆ ಒಂದು ಬೆಳಗ್ಗೆ ಅವಳು ಕಾರ್ಖಾನೆಯ ಗೇಟಿಗೇ ಹೋದಳು. ಆಸ್ಪತ್ರೆಯ ಬೆಡ್‌ಶೀಟು ಒಗೆಯುವ ಕೆಲಸ ಇದ್ದುದರಿಂದ ಅವಳ ವ್ಯಾನಿಗೆ ಪಾಸ್ ಇತ್ತು. ಗೇಟು ಮುಚ್ಚಿತ್ತು, ಕಾವಲುಗಾರ ಗಾಜಿನ ಹಿಂದಿನಿಂದಲೇ ಹೋಗಿ ಎಂದು ಕೈ ಆಡಿಸಿದ. ಒಳಗೆ ಯಂತ್ರದ ಸದ್ದಿದೆಯೋ ಇಲ್ಲವೋ ಎಂದು ಅವಳು ಕಿವಿಗೊಟ್ಟು ನಿಂತಿದ್ದಾಗ ಪಕ್ಕದಲ್ಲಿ ಒಂದು ನೀಲಿ ಕಾರು ನಿಂತಿತು. ಅದರ ಒಂದು ಬಾಗಿಲು ಮಾತ್ರ ಬೂದು ಬಣ್ಣ, ಬೇರೆ ಕಾರಿನಿಂದ ಬಿಚ್ಚಿ ಹಾಕಿದ್ದು. ಹಿಂದಿನ ಸೀಟಿನ ತುಂಬ ರಟ್ಟಿನ ಡಬ್ಬಗಳು.

ಇಳಿದವನ ಮುಖದಲ್ಲಿ ಮಾಸ್ಕ್ ಬಿಟ್ಟು ಉಳಿದದ್ದು ಕಣ್ಣು ಮತ್ತು ನಡುವೆ ಚೂರು ಕಡಿದುಹೋದ ಎಡಹುಬ್ಬು. ಆ ಹುಬ್ಬಿನಿಂದಾಗಿ ಅವನು ಸುಮ್ಮನೆ ನಿಂತರೂ ಏನೋ ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಅವನ ಕಣ್ಣು ವ್ಯಾನಿನ ಬಟ್ಟೆ ಗಂಟುಗಳ ಮೇಲೆ ಹೋಯಿತು.

"ಇಲ್ಲಿ ಕೆಲಸಗಾರರ ಬಟ್ಟೆ ಒಗೆಯೋದು ನೀವೇನಾ?"

ಇಲ್ಲ ಎಂದರೆ ಇಲ್ಲೇಕೆ ನಿಂತಿದ್ದೀರಿ ಎನ್ನುತ್ತಾನೆ. ಇವನು ಕಂಪನಿಯ ಡ್ರೈವರ್ರೇ ಇರಬೇಕು, ಮಾತು ಬೆಳೆಸಿದರೆ ಏನಾದರೂ ತಿಳಿಯಬಹುದು. ಅವಳು ಹೌದು ಎಂದಳು. ಈಗಲೂ ಬಟ್ಟೆ ಬರುತ್ತದೆಯೇ ಎಂದು ಅವನು ಕೇಳಿದ. ಮೊದಲಿಗಿಂತ ಜಾಸ್ತಿ ಎಂದು ಅವಳು ಎರಡೂ ಕೈ ಮುಂದೆ ಹಿಡಿದು ತೋರಿಸಿದಳು. ಆಸ್ಪತ್ರೆಯ ಬ್ಲೀಚಿಗೆ ಬೆರಳುಗಳೆಲ್ಲ ಒಡೆದಿದ್ದವು.

ಅವನು ಕೈಗಳನ್ನೇ ನೋಡಿದ. ನೋಡಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಕಾರಿನೊಳಗಿನಿಂದ ಅರ್ಧ ಹಿಂಡಿದ ಮುಲಾಮಿನ ಟ್ಯೂಬ್ ತಂದು, ಅಂತರ ಬಿಟ್ಟು ವ್ಯಾನಿನ ಮೂತಿಯ ಮೇಲಿಟ್ಟ.

"ನಂದೇ. ಮಲಗೋ ಮುಂಚೆ ಹಚ್ಚಿ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಡಬ್ಬಗಳನ್ನು ನೋಡುತ್ತಾ ಇವೆಲ್ಲ ಕಂಪನಿಯವಾ ಎಂದು ಕೇಳಿದಳು. ಅವನು ಒಂದು ಕ್ಷಣ ತಡೆದು, ಹೌದು, ಬಿಡಿಭಾಗ, ಬಂದರಿಗೆ ಹೋಗ್ತಿದೆ ಎಂದ.

ಸಂಜೆ ಅವಳು ಗ್ರೂಪಿನಲ್ಲಿ ಬರೆದಳು: ಕಂಪನಿಯ ಡ್ರೈವರ್ ಸಿಕ್ಕಿದ್ದ, ಮಾಲು ಬಂದರಿಗೆ ಹೊರಟಿದೆ. ಬರೆದು ಮುಗಿಸುವುದರೊಳಗೆ ಗಂಟೆಯ ಮಾತು ಬಂತು.

"ಮಾರಿ ಮಾರಿ ಎಂದು ಬಡಿದುಕೊಂಡವನು ನಾನೇ. ತಪ್ಪಾಯಿತು. ಕಂಪನಿಯ ಬಟ್ಟೆ ಒಗೆಯುವವರು ಇವತ್ತು ಗೇಟಿನಲ್ಲಿ ಸಿಕ್ಕಿದ್ದರು. ಕೆಲಸ ಜೋರಾಗಿ ನಡೀತಿದೆ. ಅವರ ಕೈ ನೋಡಿದೆ. ಆ ಕೈ ಸುಳ್ಳು ಹೇಳಲ್ಲ."

ಅವಳು ಒಡೆದ ತನ್ನ ಬೆರಳುಗಳನ್ನು ನೋಡಿಕೊಂಡಳು.

ಹಾವು ಮುಂಗುಸಿಯ ಹಾಗಿದ್ದ ಇಬ್ಬರೂ ಒಂದೇ ಮಾತು ಹೇಳಿದ್ದನ್ನು ಕಂಡು ಗ್ರೂಪಿಗೆ ಹುಚ್ಚು ಹಿಡಿಯಿತು. ನಾಳೆ ಬೆಳಗ್ಗೆಯೇ ಕೊಳ್ಳುತ್ತೇನೆ ಎಂದು ಒಬ್ಬರಾದ ಮೇಲೆ ಒಬ್ಬರು ಬರೆದರು. ಎಂದೂ ಮಾತಾಡದ ನಿವೃತ್ತ ಮೇಷ್ಟ್ರೊಬ್ಬರು, ನೀವಿಬ್ಬರೂ ಒಪ್ಪಿದ ಮೇಲೆ ನನಗೆ ಅನುಮಾನವಿಲ್ಲ, ಕೈಗೆ ಬಂದ ಗಂಟನ್ನೆಲ್ಲ ಹಾಕುತ್ತೇನೆ ಎಂದರು.

ಅಷ್ಟರಲ್ಲಿ ಅವಳಿಗೊಬ್ಬಳಿಗೇ ಒಂದು ಸಂದೇಶ. ತಾಳ್ಮೆ ಸಾರ್, ಆ ಡ್ರೈವರಿನ ಕಾರು ಯಾವ ಬಣ್ಣ?

ನೀಲಿ, ಅವಳು ಬರೆದಳು. ಒಂದು ಬಾಗಿಲು ಬೂದು.

ಉತ್ತರ ಬಂತು: "ನಾನು ಡ್ರೈವರ್ ಅಲ್ಲ."

"ನಾನು ಸಾರ್ ಅಲ್ಲ."

ಫೋನ್ ಹೊಡೆದುಕೊಂಡಿತು. ಅಮ್ಮ ಪಕ್ಕದ ಕೋಣೆಯಲ್ಲಿದ್ದಳು. ಅವಳು ಒಗೆದ ಶೀಟುಗಳ ರಾಶಿಯ ಹಿಂದೆ ನಿಂತು ಎತ್ತಿಕೊಂಡಳು. ಅವನು ಡ್ರೈವಿಂಗ್ ಕಲಿಸುವವನಂತೆ. ಶಾಲೆ ಮುಚ್ಚಿದ ಮೇಲೆ ಮನೆಮನೆಗೆ ಔಷಧಿ ತಲುಪಿಸುತ್ತಿದ್ದ, ಡಬ್ಬಗಳಲ್ಲಿ ಇದ್ದದ್ದು ಅದೇ. ಗೇಟಿಗೆ ಅವನೂ ಸುದ್ದಿ ಹುಡುಕಿ ಬಂದಿದ್ದ, ಸಿಕ್ಕಿಬೀಳುವ ಭಯಕ್ಕೆ ಹೌದು ಎಂದಿದ್ದ. ಊರಿಗೆಲ್ಲ ಮಾರಿ ಎಂದವನು ತನ್ನದನ್ನು ಮಾರಿರಲಿಲ್ಲ. ಮಾರಲೂ ಹೆದರಿಕೆ, ಇಟ್ಟುಕೊಳ್ಳಲೂ ಹೆದರಿಕೆ. ಅವಳು ಬೆಡ್‌ಶೀಟಿನ ವಿಷಯ ಹೇಳಿದಳು. ಅಮ್ಮನ ಮಂಡಿಯ ವಿಷಯವನ್ನೂ ಹೇಳಿದಳು, ಯಾರಿಗೂ ಹೇಳದೆ ಇದ್ದದ್ದನ್ನು.

ಇಬ್ಬರ ತಲೆಯಲ್ಲೂ ಒಂದೇ ಯೋಚನೆ ಇತ್ತು. ಅವಳೇ ಬಾಯಿ ಬಿಟ್ಟಳು.

"ಬೆಳಗ್ಗೆ ರೇಟು ಏರುತ್ತೆ. ಆಗ ಮಾರಿದರೆ ನನ್ನ ಮೂರು ಲಕ್ಷ ಪೂರ್ತಿ ಬರುತ್ತೆ."

"ಬರುತ್ತೆ."

"ಕೊಳ್ಳೋರು ಮೇಷ್ಟ್ರು."

ಅವನ ಉಸಿರು ಮಾತ್ರ ಕೇಳಿಸುತ್ತಿತ್ತು. ಮಾಸ್ಕ್ ಇಲ್ಲದ ಅವನ ಉಸಿರು ಅವಳಿಗೆ ಕೇಳಿದ್ದು ಅದೇ ಮೊದಲು. ಭಯದ ಮಧ್ಯೆ ಅದನ್ನು ಗಮನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ನಾನು ಬರೀತೀನಿ," ಅವನೆಂದ. "ನಿಮ್ಮ ಹೆಸರು ಎತ್ತಲ್ಲ. ನೀವು ಮಾತ್ರ ಬೆಳಗ್ಗೆ..."

"ಬೇಡ. ಕೈ ತೋರಿಸಿದೋಳು ನಾನು."

ಹೇಳಿದ್ದು ಸುಳ್ಳು, ಕೊಳ್ಳಬೇಡಿ ಎಂದು ಇಬ್ಬರೂ ಗ್ರೂಪಿನಲ್ಲಿ ಬರೆದರು. ಅವಳು ಮೂರು ಸಲ ಅಳಿಸಿ ಬರೆದಳು. ಗ್ರೂಪಿನವರು ಬಾಯಿಗೆ ಬಂದ ಹಾಗೆ ಬೈದರು. ಮೇಷ್ಟ್ರು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ಗದರಿಸಿದರು. ಒಬ್ಬ ಬರೆದ: "ಒಳ್ಳೇ ಜೋಡಿ ಕಣ್ರೀ ನೀವು." ಅವಳು ಅಳುತ್ತಾ ಆ ಸಾಲನ್ನು ಎರಡು ಸಲ ಓದಿದಳು.

ಆ ವಾರವೇ ಕಂಪನಿ ಬಾಯಿ ಬಿಟ್ಟಿತು. ಎಂಜಿನಿಯರು ಹೋಗಲಾಗದ್ದಕ್ಕೆ ಒಂದು ಆರ್ಡರ್ ರದ್ದು, ಇನ್ನೊಂದು ವಿಮಾನ ಹಾರುವವರೆಗೆ ಕಾಯುತ್ತದೆ. ಷೇರು ಕುಸಿಯಿತು. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಅಮ್ಮನ ಸರದಿ ಬಂತೆಂದು ಕರೆ ಬಂದದ್ದರಿಂದ ಅವಳು ಸಿಕ್ಕ ರೇಟಿಗೆ ಮಾರಿದಳು. ಬಂದದ್ದು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ.

ಅಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅಮ್ಮ ಬಳೆಯಿಲ್ಲದ ಕೈಯನ್ನು ಸವರಿಕೊಂಡಳು.

"ನನ್ನ ಹತ್ರ ಮುಚ್ಚಿಟ್ಟೆಯಲ್ಲ ಕಣೇ. ದುಡ್ಡಿಗಿಂತ ಅದೇ ಉರಿಯುತ್ತೆ," ಎಂದಳು. ಆಮೇಲೆ, ಬಲಗಾಲು ಜಾಸ್ತಿ ನೋವು, ಅದನ್ನೇ ಮೊದಲು ಮಾಡಿಸೋಣ ಎಂದಳು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಆ ಮುಲಾಮು ಕೊಟ್ಟೋನು ಎಲ್ಲಿ?"

ಅವನು ಮಾರನೆಯ ಮಧ್ಯಾಹ್ನ ಲಾಂಡ್ರಿಯ ಬಾಗಿಲಲ್ಲಿದ್ದ, ಅದೇ ಹುಬ್ಬು, ಅದೇ ಬೂದು ಬಾಗಿಲಿನ ಕಾರು. ಕೈ ವಾಸಿಯಾಯಿತೇ ಎಂದು ಕೇಳಿದ. ಅವಳು ದೂರದಿಂದಲೇ ತೋರಿಸಿದಳು. ಈ ಸಲ ಅವನು ಕೈ ನೋಡಲಿಲ್ಲ, ಕಣ್ಣು ನೋಡಿದ.

"ನನಗೆ ಎಲ್ಲದಕ್ಕೂ ಭಯ. ಇದನ್ನ ಕೇಳೋಕೂ ಭಯ."

"ಏನು?"

"ದಿನಾ ಬರಲಾ ಅಂತ."

"ಕಂಪನಿ ಡ್ರೈವರ್ ಆಗಿಯೋ, ನೀವಾಗಿಯೋ?"

"ನಾನಾಗಿ."

ಬನ್ನಿ ಎನ್ನುವಾಗ ಅವಳಿಗೂ ಭಯವೇ ಆಗಿತ್ತು.

ಆಪರೇಷನ್ ಆದ ಮೇಲೆ ಅಮ್ಮನನ್ನು ಮನೆಗೆ ಕರೆತಂದದ್ದು ನೀಲಿ ಕಾರಿನಲ್ಲಿ. ಅಮ್ಮ ಬಲಗಾಲು ಊರಿ, ಎಡಕ್ಕೆ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ನಿಧಾನ ಕಣಪ್ಪ, ನಾನೇನು ನೀನು ಓಡಿಸೋ ಕಾರಲ್ಲ, ಎಂದು ಅವನನ್ನು ಗದರಿಸುತ್ತಲೇ ಇದ್ದಳು.

ಹೋದದ್ದು ಒಂದು ಮಂಡಿಯ ಹಣ. ಸಿಕ್ಕಿದ್ದು ಒಬ್ಬ ಮನುಷ್ಯ.