ವಾರೆ ತೂತಿನ ಕಿವಿ

ಇಬ್ಬರನ್ನು ಹೊತ್ತು ಒಳಗೆ ಹೋದ ಬಂಡಿ ಒಬ್ಬಳನ್ನೇ ವಾಪಸು ತಂದಿತು.

ಇದು ನಡೆದದ್ದು ಬಹಳ ಹಿಂದೆ, ತೆಂಕಣಗಿರಿ ರಾಜ್ಯದಲ್ಲಿ, ಅರಸನ ವಿನೋದವನದಲ್ಲಿ. ಮೋಡ ಮುಟ್ಟುವ ಉಯ್ಯಾಲೆ, ಮಾತಾಡುವ ಮರದಾನೆ, ಇವನ್ನೆಲ್ಲ ದಾಟಿದರೆ ಕೊನೆಗೆ ದೆವ್ವದ ಮನೆ. ಕಟ್ಟಿದವನು ಧೂಮಕೇಶನೆಂಬ ಮಾಂತ್ರಿಕ. ಎತ್ತಿಲ್ಲದ ಬಂಡಿಯೊಂದು ಮಕ್ಕಳನ್ನು ಕೂರಿಸಿಕೊಂಡು ಮುಂಬಾಗಿಲಿಂದ ಹೋಗಿ ಹಿಂಬಾಗಿಲಿಂದ ಬರುತ್ತಿತ್ತು.

ಚಿಕ್ಕೀರಪ್ಪ ಅಕ್ಕನ ಮಕ್ಕಳನ್ನು ಕರೆತಂದಿದ್ದ. ಹುಡುಗ ಬೈರ, ಅವನ ತಂಗಿ ಚೆನ್ನಿ. ಬಂಡಿ ಹತ್ತುವ ಹೊತ್ತಿಗೆ, "ನೀವು ಹೋಗ್ಬನ್ನಿ, ಚಪ್ಪಲಿ ಉಂಗುಟ ಕಿತ್ತಿದೆ, ಸರಿ ಮಾಡ್ಕೊಳ್ತೀನಿ" ಎಂದು ಹೊರಗೇ ಉಳಿದ. ಉಂಗುಟ ಕಿತ್ತಿರಲಿಲ್ಲ. ಅವನ ಹೆದರಿಕೆ ಇಡೀ ಕೇರಿಗೆ ಗೊತ್ತಿತ್ತು.

ಬಂಡಿ ಹಿಂಬಾಗಿಲಿಂದ ಬಂದಾಗ, "ಬೈರ ಎಲ್ಲೇ?" ಎಂದ.

"ಕಣ್ಣು ಮುಚ್ಚಿದ," ಎಂದಳು ಚೆನ್ನಿ. "ನಾನು ತಿರುಗಿ ನೋಡೋದ್ರಲ್ಲಿ ಇರ್ಲಿಲ್ಲ."

ಧೂಮಕೇಶ ಬಾಗಿಲಲ್ಲಿ ನಿಂತು ಎಲೆಯಡಿಕೆ ಅಗಿಯುತ್ತಿದ್ದ.

"ಒಳಗೆ ಕಣ್ಣು ಮುಚ್ಚಿದವರು ನನ್ನವರು. ಬಾಗಿಲ ಮೇಲೇ ಬರೆಸಿದೀನಿ. ಅರಸನೂ ಒಪ್ಪಿದಾನೆ. ನೀನು ಓದ್ಲಿಲ್ವಾ?"

"ಮಗೂನ ಕೊಡಪ್ಪ."

"ನೀನೇ ಹೋಗಿ ಕರ್ಕೊಂಡು ಬಾ. ಮೂರು ಕೋಣೆ. ಮೂರನೇದರಲ್ಲಿ ಅವನಿದಾನೆ. ಗುರುತು ಹಿಡಿದು ಹೆಸರು ಕರೆದರೆ ನಿನ್ನವನು. ಕಣ್ಣು ಮುಚ್ಚಿದ್ಯೋ, ತಪ್ಪಿ ಬೇರೆಯವರನ್ನ ಕರೆದ್ಯೋ, ನೀನೂ ಇಲ್ಲೇ. ಇನ್ನೊಂದು. ಮಗು ಕೂರದೆ ಬಂಡಿ ಹೊರಡಲ್ಲ."

ಚಿಕ್ಕೀರಪ್ಪ ನಿಂತೇ ಇದ್ದ. ಚೆನ್ನಿ ಆಗಲೇ ಹತ್ತಿ ಕೂತಿದ್ದಳು.

"ಬಾ ಮಾವ. ಅವ್ವಂಗೆ ಏನಂತ ಹೇಳ್ತೀಯ?"

ಚಿಕ್ಕೀರಪ್ಪ ಬಂಡಿಯ ಅಂಚು ಹಿಡಿದು ಹತ್ತಿದ.

ಮೊದಲ ಕೋಣೆಯಲ್ಲಿ ಎಲುಬಿನ ಗೂಡುಗಳು ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದವು. ಬಂಡಿ ಕಂಡು ಎಲ್ಲವೂ ಎದ್ದವು. ಒಂದು ಬಂದು ಚಿಕ್ಕೀರಪ್ಪನ ಹೆಗಲ ಮೇಲೆ ಗದ್ದ ಊರಿತು.

"ಮಾವ, ಕಣ್ಣು."

"ಬಿಟ್ಟೇ ಇದೀನಿ."

"ಒಂದು ಮುಚ್ತಾ ಇದೆ."

ಅವನು ಎರಡು ಬೆರಳಿಂದ ರೆಪ್ಪೆ ಎತ್ತಿ ಹಿಡಿದ. ಬಾಗಿಲು ತೆರೆಯಿತು.

ಎರಡನೆಯ ಕೋಣೆಯಲ್ಲಿ ಬೆಂಕಿ ಉಗುಳುವ ಹೆಬ್ಬುಲಿ. ದಾರಿ ಅದರ ಬಾಯೊಳಗೇ ಹೋಗುತ್ತಿತ್ತು. ಈ ಸಲ ಚೆನ್ನಿಯ ರೆಪ್ಪೆ ಇಳಿಯತೊಡಗಿತು.

"ಚೆನ್ನೀ, ಅಗೋ ಕಾಗೆ" ಎಂದು ಚಿಕ್ಕೀರಪ್ಪ ಮೇಲಕ್ಕೆ ಕೈ ತೋರಿಸಿದ.

ಅವಳು ಕಣ್ಣರಳಿಸಿ ನೋಡಿದಳು. ಬಂಡಿ ಹಲ್ಲುಗಳ ನಡುವೆ ನುಗ್ಗಿ ಆಚೆ ಬಿತ್ತು.

"ಎಲ್ಲಿ ಕಾಗೆ?"

"ಹಾರ್ಹೋಯ್ತು."

"ಅಣ್ಣಂಗೆ ಕಿವಿ ಚುಚ್ಚೋವಾಗ್ಲೂ ಇದನ್ನೇ ಹೇಳಿದ್ಯಂತೆ."

ಅದು ನಿಜ. ಆ ರಾಜ್ಯದಲ್ಲಿ ಹುಡುಗ, ಹುಡುಗಿ ಎಲ್ಲರಿಗೂ ಕಿವಿ ಚುಚ್ಚುತ್ತಾರೆ. ಆಗ ಮಗು ಸೋದರಮಾವನ ತೊಡೆಯ ಮೇಲಿರಬೇಕು, ಅವನು ತಲೆ ಹಿಡಿದಿರಬೇಕು. ಬೈರನ ಸರದಿಯಲ್ಲಿ ಚಿಕ್ಕೀರಪ್ಪ ಮಗುವಿಗೆ ಕಾಗೆ ತೋರಿಸಿದ. ಅಕ್ಕಸಾಲಿಯ ಸೂಜಿ ಕಂಡು ತಾನು ಕಣ್ಣು ಮುಚ್ಚಿದ. ಕೈ ಸಡಿಲಾಯಿತು, ಮಗು ಕೊಸರಿತು. ಎಡಗಿವಿಯ ತೂತು ಹಾಲೆಯ ನಡುವೆ ಬೀಳದೆ ಮೇಲೆ, ವಾರೆಯಾಗಿ ಬಿತ್ತು. ಚೆನ್ನಿಗೆ ಚುಚ್ಚುವಾಗ ಅಕ್ಕ ಅವನನ್ನು ಕರೆಯಲಿಲ್ಲ. ಈಗ ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು. ಅದಕ್ಕೂ ಕರೆಯುವುದಿಲ್ಲವೆಂದು ಹೇಳಿಬಿಟ್ಟಿದ್ದಳು.

ಮೂರನೆಯ ಕೋಣೆಯಲ್ಲಿ ಮಬ್ಬುಗತ್ತಲು. ಬಂಡಿ ನಿಂತಿತು. ಗೋಡೆಯುದ್ದಕ್ಕೂ ಮಕ್ಕಳು. ಎಲ್ಲರಿಗೂ ಒಂದೇ ಬಿಳಿ ನಿಲುವಂಗಿ, ಒಂದೇ ಬಿಳಿ ಮುಖವಾಡ, ಮಾಯೆಯಿಂದ ಎತ್ತರವೂ ಒಂದೇ. ಕಿವಿಯಲ್ಲಿ ಒಡವೆಯಿಲ್ಲ.

"ಮಾವ" ಎಂದರು ಎಲ್ಲರೂ, ಒಂದೇ ದನಿಯಲ್ಲಿ.

"ಇವರಲ್ಲಿ ಅಣ್ಣ ಯಾರು?" ಎಂದಳು ಚೆನ್ನಿ.

"ಸುಮ್ನಿರು. ನೋಡ್ತೀನಿ."

"ನೋಡು, ನೋಡು" ಎಂದ ಧೂಮಕೇಶ. ಅವನು ಬಂಡಿಯ ಮುಂದೆಯೇ ನಿಂತಿದ್ದ. "ಯಾರಿಗೆ ಏನು ಕಂಡರೆ ಭಯ ಅಂತ ಈ ಮನೆಗೆ ಗೊತ್ತು."

ಗೋಡೆಯೊಳಗಿಂದ ಒಬ್ಬ ಅಕ್ಕಸಾಲಿ ಇಳಿದು ಬಂದ. ಕೈಯಲ್ಲಿ ಸೂಜಿ. ಅದರ ತುದಿ ಕೆಂಪಗೆ ಹೊಳೆಯುತ್ತಿತ್ತು. ಕಿವಿಯ ತೂತು ಕಾಣುವಷ್ಟು ಬೆಳಕು ಅಲ್ಲಿ ಅದೊಂದೇ.

ಅಕ್ಕಸಾಲಿ ಸಾಲಿನ ತುದಿಯಲ್ಲಿದ್ದ ಮಗುವಿನ ಎಡಗಿವಿ ಹಿಡಿದ. ಸೂಜಿ ಹಳೆಯ ತೂತಿನಲ್ಲಿ ನೆಟ್ಟಗೆ ಹೊಕ್ಕು ಹೊರಬಂತು. ಪಕ್ಕದ ಕಿವಿ. ನೆಟ್ಟಗೆ ಹೊಕ್ಕು ಹೊರಬಂತು. ಅದರ ಪಕ್ಕದ್ದು.

ಚಿಕ್ಕೀರಪ್ಪ ಮತ್ತೆ ಬೆರಳಿಂದ ರೆಪ್ಪೆ ಎತ್ತಿ ಹಿಡಿದ.

"ಮಾವ," ಎಂದಳು ಚೆನ್ನಿ ಮೆಲ್ಲಗೆ, "ಅಗೋ ಕಾಗೆ."

"ಕಾಗೆ ಬೇಡ. ಸೂಜೀನೇ ನೋಡ್ಬೇಕು."

ಕಣ್ಣಲ್ಲಿ ನೀರು ಸುರಿಯಿತು. ಮುಚ್ಚಲಿಲ್ಲ. ಕಿವಿಯಿಂದ ಕಿವಿಗೆ ಸೂಜಿ ಹೋಯಿತು, ಅದರ ಹಿಂದೆ ಅವನ ಕಣ್ಣು ಹೋಯಿತು.

ಸಾಲು ಮುಗಿಯುತ್ತ ಬಂದಾಗ ಒಂದು ಕಿವಿಯ ಹತ್ತಿರ ಸೂಜಿ ತಡವರಿಸಿತು. ಹಾಲೆಯ ನಡುವೆ ತೂತಿರಲಿಲ್ಲ. ಅತ್ತಿತ್ತ ಹುಡುಕಿತು. ಮೇಲಕ್ಕೆ ಹೋಯಿತು. ವಾರೆಯಾಗಿ ಹೊಕ್ಕಿತು.

"ಬೈರ," ಎಂದ ಚಿಕ್ಕೀರಪ್ಪ. "ಬಾರೋ ಮನೆಗೆ."

ಮುಖವಾಡ ಬಿತ್ತು. ಒಳಗಿದ್ದವನು ಬೈರನೇ. ಎಲ್ಲ ಮುಖವಾಡಗಳನ್ನೂ ಧೂಮಕೇಶ ಒಂದೇ ಮಂತ್ರದಲ್ಲಿ ಕಟ್ಟಿದ್ದ. ಒಂದು ಬಿಚ್ಚಿದ ಮೇಲೆ ಉಳಿದವೂ ನಿಲ್ಲಲಿಲ್ಲ. ಅಕ್ಕಸಾಲಿ ಹೊಗೆಯಾಗಿ ಹೋದ.

ಮಕ್ಕಳೆಲ್ಲ ಧೂಮಕೇಶನ ಕಡೆ ತಿರುಗಿದರು. ಅವರಿಗೆ ಅವನು ಕಲಿಸಿದ್ದು ಹೆದರಿಸುವುದೊಂದನ್ನೇ. ಎಲ್ಲರೂ ಒಟ್ಟಿಗೆ ಊಳಿಟ್ಟು ಅವನ ಮೇಲೆ ಬಂದರು.

ಧೂಮಕೇಶ ಕಣ್ಣು ಮುಚ್ಚಿದ.

ಬಾಗಿಲ ಮೇಲೆ ಬರೆದದ್ದು ಬರೆಸಿದವನಿಗೂ ತಗುಲಿತು. ಅವನಿದ್ದಲ್ಲಿ ಒಂದು ಬಿಳಿ ನಿಲುವಂಗಿ, ಒಂದು ಬಿಳಿ ಮುಖವಾಡ ನಿಂತಿತು. ಬಂಡಿ ತಾನಾಗಿ ಹೊರಟಿತು. ಹಿಡಿಸಿದಷ್ಟು ಮಕ್ಕಳು ಬಂಡಿಯಲ್ಲಿ, ಉಳಿದವರು ಅದರ ಹಿಂದೆ ಓಡುತ್ತ ಹೊರಗೆ ಬಂದರು.

"ಮಾವ, ಚಪ್ಪಲಿ ಸರಿಹೋಯ್ತಾ?" ಎಂದ ಬೈರ.

"ಹೋಯ್ತು."

ಮಕ್ಕಳು ಅವರವರ ಮನೆ ಸೇರಿದರು, ಚೆನ್ನಾಗಿ ಉಂಡು ಚೆನ್ನಾಗಿ ಬೆಳೆದರು. ಅರಸ ಬಾಗಿಲ ಮೇಲಿನ ಬರಹ ಅಳಿಸಿದ. ದೆವ್ವದ ಮನೆಯಲ್ಲಿ ಆಮೇಲೆ ಉಳಿದದ್ದು ಒಂದೇ ದೆವ್ವ. ಅದನ್ನು ಕಂಡು ಯಾವ ಮಗುವೂ ಕಣ್ಣು ಮುಚ್ಚಲಿಲ್ಲ.

ಮುಂದಿನ ತಿಂಗಳು ಕೂಸಿಗೆ ಕಿವಿ ಚುಚ್ಚಿದರು. ಅಕ್ಕ ಅದನ್ನು ತಂದು ಚಿಕ್ಕೀರಪ್ಪನ ತೊಡೆಯ ಮೇಲೆ ಕೂರಿಸಿದಳು.

ತೂತು ನಡುವೆ ಬಿತ್ತು.