ವಕೀಲನ ಕಾರಿನಲ್ಲಿ ಬಂದವಳು

ಈ ಸಲವೂ ಅವಳು ವಕೀಲನ ಕಾರಿನಲ್ಲೇ ಬಂದಳು.

ಶೋರೂಮಿನ ಗಾಜಿನ ಹಿಂದೆ ನಿಂತವನಿಗೆ ಎಲ್ಲವೂ ಕಾಣಿಸುತ್ತಿತ್ತು. ವಕೀಲ ಮೊದಲು ಇಳಿದ. ಕಾರನ್ನು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದ. ಅವಳ ಭುಜಕ್ಕೆ ಅಂಟಿದ್ದ ಯಾವುದೋ ನಾಯಿಯ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಗಾಳಿಗೆ ಊದಿದ. ಅವಳು ನಕ್ಕಳು.

ಒಂದು ಕೂದಲು ತೆಗೆದಿದ್ದಕ್ಕೆ ಅಷ್ಟೊಂದು ನಗಬೇಕೆ?

ಅವಳು ಪಶುವೈದ್ಯೆ. ಕರೆದವರ ಮನೆಗೇ ಹೋಗಿ ಹಸು, ನಾಯಿ, ಬೆಕ್ಕುಗಳಿಗೆ ಮದ್ದು ಮಾಡುವವಳು. ಓಡಾಟಕ್ಕೆಂದು ಈ ಸೆಕೆಂಡ್ ಹ್ಯಾಂಡ್ ಕಾರುಗಳ ಶೋರೂಮಿನಿಂದ ಒಂದು ನೀಲಿ ಕಾರು ಕೊಂಡಿದ್ದಳು. ಕೆಲವೇ ದಿನಕ್ಕೆ ಗೇರು ಜಾರತೊಡಗಿತು. ಏರಿನಲ್ಲಿ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲೇ ರಿಪೇರಿಗೆ ಬಿಟ್ಟಳು, ಸರಿಹೋಗಲಿಲ್ಲ. ಮತ್ತೆ ಬಿಟ್ಟಳು. ಆ ಸಲವಂತೂ ಕರೆದವರ ಮನೆ ಸೇರುವ ಮೊದಲೇ ನಿಂತುಹೋಯಿತು. ಕೊನೆಗೆ ಬೇಸತ್ತು ಗ್ರಾಹಕರ ಕಚೇರಿಗೆ ದೂರು ಕೊಟ್ಟಳು. ಅವಳ ಪರವಾಗಿ ನಿಂತವನು ಈ ವಕೀಲ. ನೀಲಿ ಕಾರು ಈಗ ಹಿಂದಿನ ಶೆಡ್ಡಿನಲ್ಲಿ, ಅವಳು ವಕೀಲನ ಪಕ್ಕದ ಸೀಟಿನಲ್ಲಿ.

ಶೋರೂಮಿನ ಸರ್ವೀಸ್ ವಿಭಾಗ ಗಾಜಿನ ಹಿಂದೆ ನಿಂತವನ ಕೈಯಲ್ಲಿತ್ತು. ಮಾಲೀಕರು ಅವನ ಸೋದರಮಾವ. ಅವರು ಹಗಲಿಡೀ "ಅಳಿಯಾ, ಅಳಿಯಾ" ಎಂದು ಕೂಗುತ್ತಿದ್ದುದರಿಂದ ಮೆಕ್ಯಾನಿಕ್ಕುಗಳಿಂದ ಹಿಡಿದು ಗಿರಾಕಿಗಳ ತನಕ ಎಲ್ಲರಿಗೂ ಅವನು ಅಳಿಯನೇ ಆಗಿಬಿಟ್ಟಿದ್ದ.

"ಏನ್ರೀ ಅಳಿಯಂದ್ರೇ, ನನ್ನ ಗಾಡಿ ಹುಷಾರಾಯ್ತಾ?" ಒಳಗೆ ಬರುತ್ತಲೇ ಅವಳು ಕೇಳಿದಳು.

"ಇನ್ನೂ ಇಲ್ಲ ಡಾಕ್ಟರೇ. ಬಿಚ್ಚಿ ನೋಡ್ಬೇಕು."

"ನಾನು ಹಸು ಹೊಟ್ಟೆಗೆ ಕೈ ಹಾಕಿದ್ರೂ ಇಷ್ಟು ಹೊತ್ತು ತಗೊಳ್ಳಲ್ಲ ಕಣ್ರೀ."

ಅವನಿಗೆ ನಗು ಬಂತು. ಅಷ್ಟರಲ್ಲಿ ವಕೀಲನೇ ಮೊದಲು ನಕ್ಕ, ಅದೂ ಜೋರಾಗಿ. ಇವನ ನಗು ಗಂಟಲಲ್ಲೇ ಉಳಿಯಿತು.

"ನಾಳಿದ್ದು ರಾಜಿ ಸಭೆ ಇದೆ. ಏನಿದ್ರೂ ಅಲ್ಲಿ ಮಾತಾಡೋಣ," ಎಂದ ವಕೀಲ, ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ. "ಅಲ್ಲೀತನಕ ಡಾಕ್ಟರಿಗೆ ನನ್ನ ಕಾರಿದೆಯಲ್ಲ."

ರಿಸೆಪ್ಷನ್ ಕಡೆಯಿಂದ ಮಾವನ ಮಗಳು ಕೂಗಿದಳು, "ಭಾವಾ, ಊಟ ಆರ್ತಾ ಇದೆ, ಬನ್ನಿ!"

ಡಾಕ್ಟರ ಮುಖದ ನಗು ಪಟ್ಟನೆ ಆರಿತು. "ನಡೀರಿ ವಕೀಲರೇ, ಹೊತ್ತಾಯ್ತು," ಎಂದು ಹಿಂದಿರುಗಿ ನೋಡದೆ ಹೊರಟುಬಿಟ್ಟಳು.

ಆ ಕಾರು ಹತ್ತುವುದಕ್ಕೆ ಎಷ್ಟು ಅವಸರ ನೋಡು ಎಂದುಕೊಂಡ ಅವನು. ಅವತ್ತು ಊಟ ಸೇರಲಿಲ್ಲ.

ನೇರ ಶೆಡ್ಡಿಗೆ ಹೋಗಿ ನೀಲಿ ಕಾರಿನ ಕೆಳಗೆ ನುಸುಳಿದ. ಈ ಗಾಡಿ ಓಡಿದರೆ ಅವಳು ಆ ಸೀಟಿನಲ್ಲಿ ಕೂರುವುದು ತಪ್ಪುತ್ತದೆ. ಒಂದೊಂದು ನಟ್ಟನ್ನೂ ವಕೀಲನ ಕಿವಿ ಹಿಂಡಿದಂತೆ ತಿರುವಿ ಬಿಚ್ಚಿದ. ಗೇರ್‌ಬಾಕ್ಸ್ ಕೆಳಗಿಳಿಸಿ ಮುಚ್ಚಳ ತೆಗೆದಾಗ ಕೈ ನಿಂತಿತು. ಹೊರಗೆ ಹೊಸ ಬಣ್ಣ, ಒಳಗೆ ತುಕ್ಕು. ಹಲ್ಲುಗಳು ಮುದುಕನ ವಸಡಿನ ಹಾಗೆ ಸವೆದಿದ್ದವು. ಅದು ಈ ಕಾರಿನದೇ ಅಲ್ಲ, ಗುಜರಿಗೆ ಹೋದ ಯಾವುದೋ ಗಾಡಿಯದು. ಎರಡನೆಯ ರಿಪೇರಿ ಆಗುವಾಗ ಅವನು ರಜೆಯಲ್ಲಿದ್ದ.

ಮಾವನನ್ನು ಕರೆತಂದು ತೋರಿಸಿದ.

"ಮಾವ, ಇದನ್ನ ನಾವೇ ಹಾಕಿದ್ದಾ?"

"ಹೂಂ. ಅವಸರ ಅಂತ ತಲೆ ತಿಂತಿದ್ರಲ್ಲ ಆಯಮ್ಮ. ಸಿಕ್ಕಿದ್ದು ಹಾಕ್ಸಿದೆ."

"ಸಭೇಲಿ ಏನಂತೀರಿ?"

"ಹಳ್ಳ ದಿಣ್ಣೆ ನೋಡದೆ ಓಡಿಸಿ ಆಯಮ್ಮನೇ ಹಾಳು ಮಾಡಿದ್ದು ಅಂತೀನಿ. ನೀನು ಪಕ್ಕದಲ್ಲಿ ಕೂತು ಹೂಂ ಅನ್ನು, ಸಾಕು."

ಅಪ್ಪ ತೀರಿಕೊಂಡ ಮೇಲೆ ಕೈಹಿಡಿದು ಕೆಲಸ ಕಲಿಸಿದ ಮಾವ. ಅವರಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಸುಳ್ಳಿಗೆ ಹೂಂ ಅಂದರೆ ಅವಳು ಸೋಲುತ್ತಾಳೆ, ಸೋತವಳನ್ನು ಸಮಾಧಾನ ಮಾಡುವುದಕ್ಕೆ ವಕೀಲ ಇದ್ದೇ ಇದ್ದಾನೆ. ನಿಜ ಹೇಳಿದರೆ ವಕೀಲ ಗೆಲ್ಲುತ್ತಾನೆ, ಅವಳು ಕಾರು ಹಿಂದಿರುಗಿಸಿ ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ. ಹೇಗೆ ಹೊರಳಿಸಿ ನೋಡಿದರೂ ಕೊನೆಗೆ ಅವಳು ಕೂರುವುದು ಆ ಕಾರಿನಲ್ಲೇ.

ರಾಜಿ ಸಭೆ ನಡೆದದ್ದು ಗ್ರಾಹಕರ ಕಚೇರಿಯ ಒಂದು ಸಣ್ಣ ಕೋಣೆಯಲ್ಲಿ. ಮೇಜಿನ ಒಂದು ತುದಿಯಲ್ಲಿ ದಪ್ಪ ಕನ್ನಡಕದ ಮಧ್ಯಸ್ಥಗಾರ್ತಿ. ಒಂದು ಕಡೆ ಮಾವ ಮತ್ತು ಅವನು, ಎದುರಿಗೆ ಅವಳು ಮತ್ತು ವಕೀಲ. ವಕೀಲ ಅವಳ ಮುಂದೆ ನೀರಿನ ಲೋಟ ಸರಿಸಿದ. ಫ್ಯಾನಿನ ಗಾಳಿ ಅವಳ ಮುಖಕ್ಕೆ ಹೊಡೆಯುತ್ತಿದೆಯೆಂದು ಎದ್ದು ಹೋಗಿ ಅದನ್ನೂ ಕಡಿಮೆ ಮಾಡಿದ. ಇವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತ.

ಮಾವ ಸಿದ್ಧ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು. "ಗಾಡಿ ಕೊಟ್ಟಾಗ ಚಿನ್ನದ ಹಾಗಿತ್ತು ಮೇಡಂ. ಓಡಿಸೋ ರೀತಿಲಿ ಓಡಿಸ್ಬೇಕಲ್ಲ?"

ಅವಳ ಕಣ್ಣು ಕೆಂಪಾಯಿತು. "ನಾನು ಹಾಳು ಮಾಡಿದ್ನಾ? ಆವತ್ತು ಕರು ಹಾಕೋಕಾಗದ ಹಸು ನೋಡೋಕೆ ಹೊರಟಿದ್ದೆ. ಗಾಡಿ ದಾರೀಲಿ ನಿಂತು, ನಾನು ನಡ್ಕೊಂಡು ಹೋಗೋ ಹೊತ್ತಿಗೆ ಕರು ಹೊಟ್ಟೇಲೇ ಸತ್ತಿತ್ತು. ಆ ಮನೆಯವರು ನನ್ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು."

ವಕೀಲ ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

ಆ ಕೈಯನ್ನು ನೋಡಿ ಇವನು ಬಾಯಿ ಬಿಟ್ಟನೋ, ಸತ್ತ ಕರುವಿನ ಮಾತು ಕೇಳಿ ಬಿಟ್ಟನೋ, ಇವನಿಗೇ ಹೇಳಲಾಗದು. ಬಾಯಿಯಂತೂ ಬಿಟ್ಟ.

"ಮಾವ, ಬೇಜಾರು ಮಾಡ್ಕೋಬೇಡಿ. ಡಾಕ್ಟರದ್ದು ಏನೂ ತಪ್ಪಿಲ್ಲ ಮೇಡಂ. ನಾವು ಹಾಕಿದ ಗೇರ್‌ಬಾಕ್ಸೇ ಗುಜರೀದು. ನಾನೇ ಬಿಚ್ಚಿ ನೋಡಿದೀನಿ."

ಮಾವ ಅವನ ಕಡೆ ತಿರುಗಲೇ ಇಲ್ಲ. ಅವರ ಕಿವಿಯ ತುದಿ ಮಾತ್ರ ಕೆಂಡದ ಬಣ್ಣಕ್ಕೆ ತಿರುಗಿತು.

ಮಧ್ಯಸ್ಥಗಾರ್ತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಾಗಿದ್ರೆ ಎರಡು ದಾರಿ ಇದೆ. ಕಾರು ವಾಪಸ್ ತಗೊಂಡು ದುಡ್ಡು ಕೊಡಿ. ಇಲ್ಲ, ಹೊಸ ಗೇರ್‌ಬಾಕ್ಸ್ ಹಾಕಿ ಗ್ಯಾರಂಟಿ ಕೊಡಿ. ಡಾಕ್ಟರು ಯಾವುದು ಹೇಳ್ತಾರೋ ಅದು."

"ವಾಪಸ್," ಎಂದ ವಕೀಲ ತಕ್ಷಣ. "ಒಳ್ಳೇ ಕಾರು ನಾನೇ ಹುಡುಕಿ ಕೊಡ್ತೀನಿ."

"ಒಂದು ನಿಮಿಷ ಇವರ ಹತ್ರ ಮಾತಾಡ್ಬೋದಾ?" ಎಂದು ಎದ್ದವಳು, ಅವನನ್ನು ಕಣ್ಣಿನಲ್ಲೇ ಎಬ್ಬಿಸಿ ಹೊರಗೆ ಕರೆದೊಯ್ದಳು.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

"ಯಾಕೆ ಹೇಳಿದ್ರಿ? ನಿಮ್ಮ ಮಾವ ಇನ್ನು ಮನೆಗೆ ಸೇರಿಸ್ತಾರಾ? ಮಗಳನ್ನ ಕೊಟ್ಟ ಮಾವ!"

"ಯಾರಿಗೆ ಕೊಟ್ರು ಮಗಳನ್ನ?"

"ನಿಮಗೆ! ಅವರು ಅಳಿಯ ಅಂತಾರೆ. ಆ ಹುಡುಗಿ ಬಾಯಿ ತುಂಬ ಭಾವ ಅಂತಾಳೆ, ಊಟಕ್ಕೆ ಕರೀತಾಳೆ. ನಾನೇನು ಕಿವುಡೀನಾ?"

ಅವನು ಗೋಡೆಗೆ ಒರಗಿಬಿಟ್ಟ. "ಡಾಕ್ಟರೇ, ನಾನು ಅವರ ಅಕ್ಕನ ಮಗ. ಆ ಅಳಿಯ! ಅವಳು ತೊದಲು ಮಾತಾಡೋವಾಗಿಂದ ನನ್ನನ್ನ ಭಾವ ಅಂತಾಳೆ. ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ."

ಅವಳ ಕೆನ್ನೆಗೆ ನಿಧಾನಕ್ಕೆ ಬಣ್ಣ ಏರಿತು.

"ಅಯ್ಯೋ ಕರ್ಮವೇ! ಅವಳು ಕೊಟ್ಟ ಕಾಫೀನ ನಿಮ್ಮ ಶೋರೂಮಿನ ಹೂಕುಂಡಕ್ಕೆ ಸುರಿದು ಬಂದಿದೀನಿ ನಾನು."

"ನಾನು ನಿಮ್ಮ ವಕೀಲರ ಕಾರಿನ ಟಯರಿಗೆ ಮೊಳೆ ಹುಡುಕ್ತಿದ್ದೆ."

ಅವಳು ನಗಲು ಹೋಗಿ ತಡೆದುಕೊಂಡಳು. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು, "ಅವರು ಕೇಳಿದಾರೆ. ಮದುವೆಗೆ."

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ. "ನೀವೇನಂದ್ರಿ?"

"ಯೋಚನೆ ಮಾಡ್ತೀನಿ ಅಂದೆ. ಯೋಚನೆಗೆ ಕೂತ್ರೆ ನಿಮ್ಮ ಗ್ರೀಸ್ ಮೆತ್ತಿದ ಮುಖ ಬರ್ತಿತ್ತು. ಮದುವೆ ಆದವನನ್ನ ನೆನೆಸ್ಕೊಂಡು ಕೂತಿದೀನಲ್ಲ ಅಂತ ನನ್ನ ಮೇಲೇ ಸಿಟ್ಟು ಬರ್ತಿತ್ತು."

"ಈಗ?"

"ಈಗ ನಿಮ್ಮ ಮೇಲೆ ಬರ್ತಿದೆ. ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳೋಕೆ ನೀವೆಲ್ಲಿ ಬಿಟ್ರಿ? ಬರ್ತಿದ್ರಿ, ಅವನ ಕಾರು ಹತ್ತಿ ಹೋಗ್ತಿದ್ರಿ. ನಾನು ಗಾಜಿನ ಹಿಂದೆ ನಿಂತು ಸಾಯ್ತಿದ್ದೆ."

ಅವಳು ಕಣ್ಣೆತ್ತಿ ಅವನನ್ನು ನೋಡಿದಳು. ನೋವಿರುವ ಜಾಗ ಎಲ್ಲಿ ಎಂದು ಹುಡುಕುವವಳ ಹಾಗೆ, ಸಾವಕಾಶವಾಗಿ. ಆಮೇಲೆ ಒಳಗೆ ನಡೆದಳು.

"ಕಾರು ನನಗೇ ಇರ್ಲಿ ಮೇಡಂ. ಹೊಸ ಗೇರ್‌ಬಾಕ್ಸ್ ಹಾಕಿಸ್ಲಿ. ಆದ್ರೆ ಇವರೇ ಜೋಡಿಸ್ಬೇಕು. ಬೇರೆ ಯಾರೂ ಮುಟ್ಟಬಾರದು."

ವಕೀಲ ಅವಳನ್ನು ನೋಡಿದ, ಬಾಗಿಲಲ್ಲಿ ನಿಂತವನನ್ನು ನೋಡಿದ. ಅವನೇನು ದಡ್ಡನಲ್ಲ. ಪೆನ್ನಿನ ಮುಚ್ಚಳ ಹಾಕಿ, "ಗೆದ್ವಿ ಅನ್ನಿ, ಡಾಕ್ಟರೇ," ಎಂದು ಕಷ್ಟಪಟ್ಟು ನಕ್ಕ. ಇವನಿಗೆ ಮೊದಲ ಸಲ ವಕೀಲನ ಮೇಲೆ ಕನಿಕರ ಹುಟ್ಟಿತು. ಆದರೆ ಬೀಳ್ಕೊಡುವಾಗ ವಕೀಲ ಅವಳ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಲುಕಿದ್ದರಿಂದ ಆ ಕನಿಕರ ಅಲ್ಲೇ ಒಣಗಿತು.

ಮೆಟ್ಟಿಲಿಳಿಯುವಾಗ ಮಾವ ಗೊಣಗಿದರು. "ಜನರ ಮುಂದೆ ನನ್ನ ಮಾನ ಹರಾಜು ಹಾಕ್ದೆ."

"ತಪ್ಪಾಯ್ತು ಮಾವ. ಆದ್ರೆ ಹೇಳಿದ್ದು ತಪ್ಪಲ್ಲ."

ಮಾವ ಕೊನೆಯ ಮೆಟ್ಟಿಲಲ್ಲಿ ನಿಂತು ತಿರುಗಿದರು. "ನಿಮ್ಮಮ್ಮನೂ ಹೀಗೇ, ಬಾಯಲ್ಲಿ ಮಾತು ನಿಲ್ತಿರ್ಲಿಲ್ಲ. ಹೋಗು, ಹೊಸದು ತರ್ಸು. ಒರಿಜಿನಲ್ಲೇ ತರ್ಸು. ಮತ್ತೆ ಆ ಗಾಡಿ ಶೆಡ್ಡಿಗೆ ಬಂತೋ, ನಿನ್ನನ್ನೂ ಅದರ ಜೊತೆ ಗುಜರಿಗೆ ಹಾಕ್ತೀನಿ."

ಗೇರ್‌ಬಾಕ್ಸ್ ಬಂತು. ಅವನು ಯಾರಿಗೂ ಸ್ಪ್ಯಾನರ್ ಮುಟ್ಟಲು ಬಿಡದೆ ಜೋಡಿಸಿದ. ಟ್ರಯಲ್ ನೋಡಲು ಅವಳೇ ಸ್ಟಿಯರಿಂಗ್ ಹಿಡಿದಳು, ಅವನು ಪಕ್ಕದಲ್ಲಿ ಕುಳಿತ. ಊರ ಹೊರಗಿನ ಏರನ್ನು ನೀಲಿ ಕಾರು ಏದುಸಿರು ಬಿಡದೆ ಹತ್ತಿತು. ಮೇಲೆ ತಲುಪುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಯಾರದೋ ಕುದುರೆಯ ಗೊರಸಿಗೆ ಮುಳ್ಳು ಹೊಕ್ಕಿದೆಯಂತೆ.

"ನಿಮ್ಮನ್ನ ಶೋರೂಮಿಗೆ ಬಿಟ್ಟು ಹೋಗ್ಲಾ?"

"ಬೇಡ. ನಡೀರಿ."

ಲಾಯದಲ್ಲಿ ಕುದುರೆ ಅವಳನ್ನು ಕಂಡದ್ದೇ ತಡ, ಕತ್ತು ಚಾಚಿ ಅವಳ ಹೆಗಲ ಮೇಲೆ ಗಲ್ಲವಿಟ್ಟಿತು. ಅವಳು ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ತನಗಿನ್ನೂ ಯಾರೂ ಹಾಗೆ ಪಿಸುಗುಟ್ಟಿಲ್ಲವಲ್ಲ ಎಂದು ಅವನಿಗೆ ಕುದುರೆಯ ಮೇಲೂ ಹೊಟ್ಟೆ ಉರಿಯಿತು.

"ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು ಅವಳು. ಜೀವಮಾನದಲ್ಲಿ ಕುದುರೆ ಮುಟ್ಟದವನು ಮಂಡಿಯೂರಿ ಹಿಡಿದ.

ಕುದುರೆಯ ಒಡೆಯ, ಬಿಳಿ ಮೀಸೆಯ ತಾತ, ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇವರು ಯಾರಮ್ಮಾ? ಹೊಸ ಕಾಂಪೌಂಡರಾ?"

ಅವಳು ಇಕ್ಕಳದಲ್ಲಿ ಮುಳ್ಳಿನ ಬುಡ ಹಿಡಿದಿದ್ದಳು. ತಲೆಯೆತ್ತಲಿಲ್ಲ. ಕಿವಿಯ ತನಕ ಕೆಂಪಾದದ್ದು ಮಾತ್ರ ಅವನಿಗೆ ಹತ್ತಿರದಿಂದ ಕಾಣಿಸಿತು.

"ಅಲ್ಲ ತಾತ," ಎಂದಳು. "ನಮ್ಮವರು."

ಕುದುರೆ ಜೋರಾಗಿ ಕಾಲು ಝಾಡಿಸಿತು. ಅವನು ಬಿಡಲಿಲ್ಲ.